ಉಳಿದ ಹಸುಗಳು



ಈ ಉಪನ್ಯಾಸಕ್ಕೆ ಕರೆ ಬಂದಾಗ ನಾನು ತಕ್ಷಣ ಒಪ್ಪಲಿಲ್ಲ. ಎರಡು ದಿನ ಸಮಯ ಕೇಳಿದೆ. ಕಷ್ಟ ಬಂದರೂ ಪ್ರಾಮಾಣಿಕವಾಗಿ ಉಳಿಯುವುದರ ಬಗ್ಗೆ ಮಾತನಾಡಬೇಕು ಎಂದು ಸಂಘಟಕರು ಹೇಳಿದ್ದರು. ಆ ವಿಷಯ ಎತ್ತಿಕೊಳ್ಳಲು ನನಗೆ ಹಕ್ಕಿದೆಯೇ ಎಂದು ಎರಡು ರಾತ್ರಿ ಯೋಚಿಸಿದೆ. ಯೋಚಿಸುವಂಥದ್ದು ಏನಿತ್ತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಹೇಳದೆ ಇಳಿದು ಹೋಗುವುದಾದರೆ ಈ ವೇದಿಕೆ ಹತ್ತಬಾರದಿತ್ತು.

ನಮ್ಮಲ್ಲಿ ಸತ್ಯದ ಮೊದಲ ಪಾಠ ಆಗುವುದು ಒಂದು ಹಸುವಿನಿಂದ. ಗೋವಿನ ಹಾಡು ಕೇಳಿ ಕಣ್ಣೀರು ಹಾಕದ ಮಕ್ಕಳು ನಮ್ಮ ಕಾಲದಲ್ಲಿ ಕಡಿಮೆ. ನಮ್ಮ ಅಜ್ಜಿ ಅದನ್ನು ಹಾಡುವಾಗ ಹುಲಿಯ ಭಾಗಕ್ಕೆ ದನಿ ಏರಿಸುತ್ತಿದ್ದಳು. ಕರುವಿನ ಭಾಗ ಬಂದರೆ ಹಾಡು ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ನಮ್ಮ ಮನಸ್ಸಿನಲ್ಲಿ ಉಳಿದದ್ದು ಹುಲಿಗೆ ಮಾತು ಕೊಟ್ಟ ಹಸು, ಕೊಟ್ಟ ಮಾತಿಗೆ ಮರಳಿ ಬಂದ ಹಸು, ಆಮೇಲೆ ನಾಚಿಕೆಯಿಂದ ಪ್ರಾಣ ಬಿಟ್ಟ ಹುಲಿ. ನಡುವೆ ಇನ್ನೊಂದು ಘಟ್ಟವಿದೆ. ಪುಣ್ಯಕೋಟಿ ದೊಡ್ಡಿಗೆ ಬಂದು ಕರುವಿಗೆ ಹಾಲೂಡಿಸಿದ ಮೇಲೆ ನೇರವಾಗಿ ಕಾಡಿಗೆ ಹೋಗುವುದಿಲ್ಲ. ಮೊದಲು ಉಳಿದ ಹಸುಗಳ ಮುಂದೆ ನಿಲ್ಲುತ್ತದೆ. ಈ ತಬ್ಬಲಿಯನ್ನು ನಿಮ್ಮದೇ ಎಂದು ಸಾಕಿ, ಹತ್ತಿರ ಬಂದಾಗ ನೋಯಿಸಬೇಡಿ ಎಂದು ಕೇಳಿಕೊಳ್ಳುತ್ತದೆ. ಅಕ್ಕತಂಗಿಯರನ್ನು ಕರೆದ ಹಾಗೆ ಕರೆದು ಕೇಳುತ್ತದೆ.

ನನಗೆ ಅರವತ್ತು ದಾಟಿದ ಮೇಲೆ ಈ ಘಟ್ಟ ಕಾಡತೊಡಗಿತು. ಪುಣ್ಯಕೋಟಿಗೆ ಗೊತ್ತಿತ್ತು: ತನ್ನ ಸತ್ಯಕ್ಕೆ ಬೆಲೆ ಕೊಡುವುದು ತಾನೊಬ್ಬಳೇ ಅಲ್ಲ, ಕರುವೂ ಕೊಡುತ್ತದೆ. ದೊಡ್ಡಿ ಜೊತೆಗಿದ್ದರೆ ಆ ಬೆಲೆ ತಾಳಿಕೊಳ್ಳುವಷ್ಟಾಗುತ್ತದೆ, ಇಲ್ಲದಿದ್ದರೆ ಕರು ಸಾಯುತ್ತದೆ. ಹಸುವಿನ ಸತ್ಯದ ಬಗ್ಗೆ ನಾವು ಬೇಕಾದಷ್ಟು ಮಾತನಾಡಿದ್ದೇವೆ. ಉಳಿದ ಹಸುಗಳ ಬಗ್ಗೆ ಮಾತನಾಡಿದ್ದು ಬಹಳ ಕಡಿಮೆ. ಇವತ್ತು ನನ್ನ ಮಾತು ಅವುಗಳ ಬಗ್ಗೆ.

ಹರಿಶ್ಚಂದ್ರನಿಗೆ ಅಂಥ ದೊಡ್ಡಿ ಇರಲಿಲ್ಲ. ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ತರಗತಿಯಲ್ಲಿ ಪಾಠ ಕೇಳಿದಾಗ ನಮಗೆ ಕಂಡದ್ದು ರಾಜನ ಛಲ. ಈಗ ಕಾಣುವುದು ಚಂದ್ರಮತಿ. ಮಾತು ಕೊಟ್ಟವನು ಗಂಡ, ಕಾಶಿಯಲ್ಲಿ ಬಿಕರಿಯಾದವಳು ಅವಳು. ಪರರ ಮನೆಯ ಚಾಕರಿಗೆ ಹೋಗಿ ಹಾವು ಕಚ್ಚಿ ಸತ್ತವನು ಲೋಹಿತ, ಏನೂ ಅರಿಯದ ಹುಡುಗ. ಬೀದಿಯಲ್ಲಿ ಅವರನ್ನು ಕೊಳ್ಳುವವರಿದ್ದರು, ನೋಡುವವರಿದ್ದರು. 'ಇದು ಅನ್ಯಾಯ' ಎಂದು ಪಕ್ಕದಲ್ಲಿ ಬಂದು ನಿಲ್ಲುವವರು ಇರಲಿಲ್ಲ. ಕೊನೆಗೆ ದೇವರೇ ಇಳಿದು ಬರಬೇಕಾಯಿತು. ಮನುಷ್ಯರು ಮಾಡಬೇಕಾದ ಕೆಲಸವನ್ನು ಮಾಡದೇ ಬಿಟ್ಟ ಕಡೆಗಳಲ್ಲಿ ನಮ್ಮ ಕಾವ್ಯಗಳಿಗೆ ದೇವರು ಬೇಕಾಗುತ್ತಾನೆ ಎಂದು ನನಗೆ ಅನ್ನಿಸುತ್ತದೆ.

ಹರಿಶ್ಚಂದ್ರನನ್ನು ನಾವು ಎಷ್ಟು ಎತ್ತರದಲ್ಲಿ ಕೂರಿಸಿದ್ದೇವೆಂದರೆ, ಅವನ ಹೆಸರು ಈಗ ತಪ್ಪಿಸಿಕೊಳ್ಳುವ ದಾರಿಯಾಗಿದೆ. 'ನಾವೇನು ಹರಿಶ್ಚಂದ್ರನಾಗೋಕೆ ಆಗುತ್ತಾ?' ಎನ್ನುತ್ತೇವೆ. ಕಚೇರಿಯಲ್ಲಿ ಯಾರಾದರೂ ಸುಳ್ಳು ಬಿಲ್ಲಿಗೆ ಸಹಿ ಹಾಕಲು ಒಪ್ಪದಿದ್ದರೆ 'ದೊಡ್ಡ ಸತ್ಯ ಹರಿಶ್ಚಂದ್ರ ಬಂದ' ಎನ್ನುತ್ತೇವೆ. ಸತ್ಯ ಎಂದರೆ ಸ್ಮಶಾನ ಕಾಯುವಷ್ಟು ದೊಡ್ಡ ಸಾಹಸ ಎಂದಾದ ಮೇಲೆ, ಆ ಸಾಹಸ ನಮ್ಮಿಂದಾಗದು ಎಂದು ಸುಮ್ಮನಿರುವುದು ಸುಲಭ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ ಎಂಬ ಗಾದೆ ನಿಮಗೆಲ್ಲ ಗೊತ್ತು. ಎದ್ದು ಬಂದು ಒದೆಯುವಾಗ ಸುತ್ತ ಕೂತಿದ್ದವರು ಏನು ಮಾಡುತ್ತಿದ್ದರು ಎಂಬುದನ್ನು ಗಾದೆ ಹೇಳುವುದಿಲ್ಲ.

ನಾನು ಕಂಡುಕೊಂಡದ್ದು ಇಷ್ಟು. ಸತ್ಯಕ್ಕೆ ಹುಟ್ಟಿನಿಂದ ಬಂದ ಬೆಲೆ ಎಂಬುದಿಲ್ಲ. ಹೇಳುವವನು ಒಬ್ಬನೇ ಆದಾಗ ಅದು ದುಬಾರಿಯಾಗುತ್ತದೆ, ಎರಡನೆಯವನು ದನಿಗೂಡಿಸಿದ ಕ್ಷಣ ಇಳಿಯುತ್ತದೆ. ಇದನ್ನು ನಮ್ಮ ದೇಶದ ಎರಡು ಪ್ರಸಂಗಗಳ ಮೂಲಕ ನೋಡೋಣ. ಒಂದು ನ್ಯಾಯಾಲಯದ್ದು, ಇನ್ನೊಂದು ಪೆಟ್ರೋಲ್ ಬಂಕಿನದು. ಎರಡಕ್ಕೂ ಕರ್ನಾಟಕದ ನಂಟಿದೆ.

ಮೊದಲನೆಯದಕ್ಕೆ 1973ರಿಂದ ಶುರುಮಾಡಬೇಕು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯಲ್ಲಿ ಆ ವರ್ಷ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬುದು 7-6ರ ಬಹುಮತ. ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಮರುದಿನವೇ ಹೊಸ ಮುಖ್ಯ ನ್ಯಾಯಮೂರ್ತಿಯ ಹೆಸರು ಹೊರಬಿತ್ತು. ಜ್ಯೇಷ್ಠತೆಯಲ್ಲಿ ಮುಂದಿದ್ದ ಜೆ.ಎಂ. ಶೆಲಟ್, ಕೆ.ಎಸ್. ಹೆಗ್ಡೆ, ಎ.ಎನ್. ಗ್ರೋವರ್ ಮೂವರನ್ನೂ ದಾಟಿ ನಾಲ್ಕನೆಯವರಾದ ಎ.ಎನ್. ರೇ ಅವರಿಗೆ ಪಟ್ಟ. ಮೂವರೂ ಸರ್ಕಾರಕ್ಕೆ ಒಗ್ಗದ ಬಹುಮತದಲ್ಲಿದ್ದವರು. ಮೂವರೂ ರಾಜೀನಾಮೆ ಕೊಟ್ಟರು.

ಇವರಲ್ಲಿ ಹೆಗ್ಡೆಯವರು ಕಾರ್ಕಳ ಕಡೆಯ ಕೌಡೂರಿನವರು, ಕೌಡೂರು ಸದಾನಂದ ಹೆಗ್ಡೆ. ಹಿಂದೆ ಕಾಂಗ್ರೆಸ್ಸಿನಿಂದಲೇ ರಾಜ್ಯಸಭೆಯಲ್ಲಿದ್ದವರು. ಆಮೇಲೆ ಮೈಸೂರು ಹೈಕೋರ್ಟಿನ ನ್ಯಾಯಾಧೀಶರು, ದೆಹಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, 1967ರಿಂದ ಸುಪ್ರೀಂ ಕೋರ್ಟು. ಶೆಲಟ್ ಅವರ ನಂತರ ಮುಖ್ಯ ನ್ಯಾಯಮೂರ್ತಿಯ ಕುರ್ಚಿ ಅವರದಾಗಬೇಕಿತ್ತು, ನಿವೃತ್ತಿಗೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಇತ್ತು. ತಮ್ಮನ್ನು ನ್ಯಾಯಾಧೀಶರನ್ನಾಗಿ ಮಾಡಿದ ಪಕ್ಷದ ಸರ್ಕಾರಕ್ಕೆ ಬೇಡವಾದ ತೀರ್ಪು ಬರೆದರೆ ಏನಾಗಬಹುದು ಎಂಬುದು ಅವರಿಗೆ ತಿಳಿಯದ್ದಲ್ಲ. ಬರೆದರು, ಕುರ್ಚಿ ಹೋಯಿತು, ಕೈಚೀಲ ಎತ್ತಿಕೊಂಡು ಹೊರಬಂದರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು, ನಿಟ್ಟೆಯಲ್ಲಿ ವಿದ್ಯಾಸಂಸ್ಥೆ ಕಟ್ಟಿದರು. ಆ ಕಥೆಗಳನ್ನು ನಮ್ಮ ಕರಾವಳಿಯ ಜನ ನನಗಿಂತ ಚೆನ್ನಾಗಿ ಬಲ್ಲರು.

ನ್ಯಾಯಾಂಗದ ಗೋಡೆಗೆ ಒಂದು ಬೆಲೆಪಟ್ಟಿ ತೂಗುಹಾಕಿದ ಹಾಗಾಯಿತು. ಎಂಥ ತೀರ್ಪಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಇನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಎರಡು ವರ್ಷ ಕಳೆಯಿತು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ನಾಯಕರನ್ನು ಮರುದಿನ ಇಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಮಧು ದಂಡವತೆ, ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಶ್ಯಾಮನಂದನ ಮಿಶ್ರ. ಅವರು ನಮ್ಮ ಹೈಕೋರ್ಟಿನ ಬಾಗಿಲು ತಟ್ಟಿದರು. ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನೇ ರಾಷ್ಟ್ರಪತಿಗಳ ಆದೇಶ ತಡೆದಿತ್ತು. ಆದ್ದರಿಂದ ಅರ್ಜಿಯನ್ನು ಕೇಳಲೇಬಾರದು ಎಂದು ಸರ್ಕಾರ ವಾದಿಸಿತು. ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ, ಕೇಳುತ್ತೇವೆ ಎಂದರು. ದೇಶದ ಒಂಬತ್ತು ಹೈಕೋರ್ಟುಗಳು ಹೆಚ್ಚುಕಡಿಮೆ ಇದನ್ನೇ ಹೇಳಿದವು.

ನಾನು ಆಗ ಪದವಿ ತರಗತಿಯಲ್ಲಿದ್ದೆ. ಪತ್ರಿಕೆಗಳಿಗೆ ಸೆನ್ಸಾರ್. ಇಂಥ ಸುದ್ದಿ ನಮಗೆ ಬರುತ್ತಿದ್ದದ್ದು ಬಾಯಿಂದ ಬಾಯಿಗೆ, ಅದೂ ಪಿಸುಮಾತಿನಲ್ಲಿ. ನಮ್ಮ ರಾಜ್ಯಶಾಸ್ತ್ರದ ಮೇಷ್ಟರು ಒಂದು ದಿನ ತರಗತಿಯ ಬಾಗಿಲು ಹಾಕಿಸಿ, 'ಹೈಕೋರ್ಟು ಇನ್ನೂ ಇದೆ ಕಣ್ರಯ್ಯಾ' ಎಂದಷ್ಟೇ ಹೇಳಿ ಪಾಠಕ್ಕೆ ತಿರುಗಿದರು. ಆ ಒಂದು ವಾಕ್ಯವನ್ನು ಹೇಳುವುದಕ್ಕೂ ಬಾಗಿಲು ಹಾಕಬೇಕಾದ ಕಾಲ ಅದು.

1976ರಲ್ಲಿ ಒಬ್ಬರ ಹಿಂದೆ ಒಬ್ಬರಂತೆ 16 ಮಂದಿ ಹೈಕೋರ್ಟ್ ನ್ಯಾಯಾಧೀಶರನ್ನು ಬೇರೆ ರಾಜ್ಯಗಳಿಗೆ ಎತ್ತಿಹಾಕಿದರು. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದಸ್ವಾಮಿ ಗುವಾಹಟಿಗೆ. ವಯಸ್ಸಾದ ತಂದೆತಾಯಿಯರನ್ನು, ಓದುವ ಮಕ್ಕಳನ್ನು ಇಟ್ಟುಕೊಂಡು ಗೊತ್ತಿಲ್ಲದ ನಾಡಿಗೆ ಹೋಗುವುದು ಯಾವ ಸಂಸಾರಕ್ಕೂ ಸಣ್ಣ ಶಿಕ್ಷೆಯಲ್ಲ. ಆದರೂ ಒಂದನ್ನು ಗಮನಿಸಿ. ಅವರು ಒಬ್ಬಂಟಿಯಾಗಿರಲಿಲ್ಲ. ಅಲಹಾಬಾದಿಗೆ ಹೊರಟವರಿಗೆ ಗುವಾಹಟಿಗೆ ಹೊರಟವರು ಇದ್ದಾರೆಂದು ಗೊತ್ತಿತ್ತು, ದೆಹಲಿಯಲ್ಲೂ ತಮ್ಮಂತೆಯೇ ಬರೆದವರಿದ್ದಾರೆಂದು ಗೊತ್ತಿತ್ತು. ಬೆಲೆ ಹಂಚಿಹೋಗಿತ್ತು. ಸರ್ಕಾರ ಅವರನ್ನು ಬೇರೆಬೇರೆ ಊರಿಗೆ ಕಳಿಸಬಹುದಿತ್ತು, ಅವರ ತೀರ್ಪುಗಳನ್ನು ಬೇರೆಬೇರೆ ಮಾಡಲಾಗಲಿಲ್ಲ. ಮುಂದೆ ಚಂದ್ರಶೇಖರ್ ನಮ್ಮದೇ ಹೈಕೋರ್ಟಿಗೆ ಮುಖ್ಯ ನ್ಯಾಯಮೂರ್ತಿಯಾಗಿ ಮರಳಿದರು.

ಸುಪ್ರೀಂ ಕೋರ್ಟಿನಲ್ಲಿ ಆದದ್ದು ಬೇರೆ. ಹೈಕೋರ್ಟುಗಳ ತೀರ್ಪಿನ ಮೇಲೆ ಸರ್ಕಾರ ಹೋದ ಮೇಲ್ಮನವಿಯೇ ಎ.ಡಿ.ಎಂ. ಜಬಲ್ಪುರ ಮೊಕದ್ದಮೆ. ಐವರ ಪೀಠ: ಮುಖ್ಯ ನ್ಯಾಯಮೂರ್ತಿ ರೇ, ಎಚ್.ಆರ್. ಖನ್ನಾ, ಎಂ.ಎಚ್. ಬೇಗ್, ವೈ.ವಿ. ಚಂದ್ರಚೂಡ್, ಪಿ.ಎನ್. ಭಗವತಿ. ವಿಚಾರಣೆಯ ನಡುವೆ ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಒಂದು ಪ್ರಶ್ನೆ ಕೇಳಿದರು. ಒಬ್ಬ ಪೊಲೀಸಿನವನು ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೆ, ನಿಮ್ಮ ವಾದದ ಪ್ರಕಾರ ಅವನ ಕಡೆಯವರಿಗೆ ಏನಾದರೂ ಪರಿಹಾರವಿದೆಯೇ? ತುರ್ತುಪರಿಸ್ಥಿತಿ ಇರುವತನಕ ಇಲ್ಲ ಎಂಬ ಉತ್ತರ ಬಂತು. ತನ್ನ ಮನಸ್ಸಿಗೂ ಇದು ಆಘಾತವೇ, ಆದರೂ ವಾದದ ದಾರಿ ಅಲ್ಲಿಗೇ ಹೋಗುತ್ತದೆ ಎಂದು ಅವರು ಒಪ್ಪಿಕೊಂಡರು. ಆ ಉತ್ತರವನ್ನು ಐದೂ ಜನ ಕೇಳಿದರು. ಅದೇ ಕೋಣೆ, ಅದೇ ಪದಗಳು, ಐದು ಜೊತೆ ಕಿವಿ.

1976ರ ಏಪ್ರಿಲ್ 28ರಂದು ತೀರ್ಪು ಬಂತು. ನಾಲ್ವರು ಸರ್ಕಾರದ ಪರ. ಖನ್ನಾ ಒಬ್ಬರೇ ಬೇರೆ. ಈ ತೀರ್ಪು ತನಗೆ ಮುಖ್ಯ ನ್ಯಾಯಮೂರ್ತಿಯ ಸ್ಥಾನವನ್ನು ತಪ್ಪಿಸುತ್ತದೆ ಎಂದು ಅವರು ಮೊದಲೇ ಸೋದರಿಯ ಬಳಿ ಹೇಳಿದ್ದರು. ಹೇಳಿದ ಹಾಗೆಯೇ ಆಯಿತು. 1977ರ ಜನವರಿಯಲ್ಲಿ ಅವರನ್ನು ದಾಟಿ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಖನ್ನಾ ರಾಜೀನಾಮೆ ಬರೆದರು. ಮುಂದೆ ಚಂದ್ರಚೂಡ್ ಮುಖ್ಯ ನ್ಯಾಯಮೂರ್ತಿಯಾದರು, ಭಗವತಿಯೂ ಆದರು. ಆ ಪೀಠದಲ್ಲಿ ಕುಳಿತ ಐವರಲ್ಲಿ ಆ ಕುರ್ಚಿ ಸಿಗದೇ ಹೋದದ್ದು ಖನ್ನಾ ಒಬ್ಬರಿಗೆ.

ಉಳಿದ ನಾಲ್ವರು ಅಪ್ರಾಮಾಣಿಕರು ಎಂದು ನಾನು ಹೇಳುತ್ತಿಲ್ಲ. ಕಾನೂನನ್ನು ಅವರು ಹಾಗೆಯೇ ಓದಿರಬಹುದು. ಭಗವತಿ ಅವರು 2011ರಲ್ಲಿ, ತೊಂಬತ್ತರ ವಯಸ್ಸಿನ ಹತ್ತಿರ, ತಾನು ತಪ್ಪು ಮಾಡಿದೆ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಅದಕ್ಕೂ ಎದೆಗಾರಿಕೆ ಬೇಕು, ನಾನು ಅದನ್ನು ಹಗುರಾಗಿ ನೋಡುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. 1976ರಲ್ಲಿ ಇನ್ನಿಬ್ಬರು ಖನ್ನಾರ ಜೊತೆಗೆ ಬಂದಿದ್ದರೆ ಅದೇ ಬಹುಮತವಾಗುತ್ತಿತ್ತು. ಜೈಲುಗಳಲ್ಲಿ ಕೂತಿದ್ದ ಸಾವಿರಾರು ಜನರಿಗೆ ಹೈಕೋರ್ಟಿನ ಬಾಗಿಲು ತೆರೆದೇ ಇರುತ್ತಿತ್ತು. ಮೂವರನ್ನು ಒಟ್ಟಿಗೆ ಬದಿಗೆ ಸರಿಸುವುದು 1973ರಲ್ಲಿ ಆದೀತು. ಪ್ರತಿ ಬಾರಿಯೂ ಮೂವರು ನಿಲ್ಲುತ್ತಾರೆ ಎಂದಾದರೆ ಯಾವ ಸರ್ಕಾರವೂ ಬಹಳ ದಿನ ಆ ಆಟ ಆಡಲಾರದು. ಖನ್ನಾರಿಗೆ ಬಿದ್ದ ಬೆಲೆಯಲ್ಲಿ ದೊಡ್ಡ ಪಾಲು ದೆಹಲಿಯ ಸಚಿವಾಲಯದಿಂದ ಬಂದದ್ದು ಹೌದು. ಉಳಿದ ಪಾಲು ಅವರ ಅಕ್ಕಪಕ್ಕದ ಕುರ್ಚಿಗಳಿಂದ ಬಂತು.

ಒಂಟಿ ತೀರ್ಪಿಗೆ ಜೊತೆ ಸಿಗಲು ಕಾಲ ಹಿಡಿಯಿತು. 1978ರ 44ನೇ ತಿದ್ದುಪಡಿ, ಬದುಕಿನ ಹಕ್ಕನ್ನು ಜಾರಿಗೊಳಿಸುವುದನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ ಎಂದಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಜಬಲ್ಪುರ ತೀರ್ಪನ್ನು ತಳ್ಳಿಹಾಕಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಳೆಯ ತೀರ್ಪು ತಪ್ಪು ಎಂದು ಬರೆದವರಲ್ಲಿ ಡಿ.ವೈ. ಚಂದ್ರಚೂಡ್ ಇದ್ದರು. ತಂದೆ ಬರೆದದ್ದನ್ನು ಮಗ ತಿದ್ದಿದರು. ಸುಪ್ರೀಂ ಕೋರ್ಟಿನ ಎರಡನೆಯ ನ್ಯಾಯಾಲಯ ಕೋಣೆಯಲ್ಲಿ ಖನ್ನಾರ ಭಾವಚಿತ್ರ ಇದೆ. ಅದರ ಕೆಳಗೆ ನಿಲ್ಲುವ ವಕೀಲರಿಗೆ ಅದು ಗೌರವದ ಚಿತ್ರ. ನನಗೆ ಅದನ್ನು ನೆನೆದಾಗಲೆಲ್ಲ ಕಣ್ಣಿಗೆ ಬರುವುದು ಬರೆಯದೇ ಉಳಿದ ಆ ಎರಡು ತೀರ್ಪುಗಳು.

ಇನ್ನು ಬಂಕಿನ ಕಥೆ. ಇಲ್ಲಿ ದೊಡ್ಡ ಪೀಠವಿಲ್ಲ, ಕರಿ ಕೋಟಿಲ್ಲ.

ಷಣ್ಮುಗಂ ಮಂಜುನಾಥ್ ಕೋಲಾರದ ಚಿನ್ನದ ಗಣಿ ಊರಿನ ಹುಡುಗ. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ. ಆಮೇಲೆ ಲಖನೌದ ಐಐಎಂ. ಅಲ್ಲಿ ಓದಿದವರು ಎಲ್ಲಿ ಬೇಕಾದರೂ ಹೋಗಬಹುದಿತ್ತು, ಈತ ಇಂಡಿಯನ್ ಆಯಿಲ್ ಸೇರಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಮಾರಾಟ ಅಧಿಕಾರಿಯಾದ. ಬಂಕುಗಳನ್ನು ತಪಾಸಣೆ ಮಾಡುವುದು ಅವನ ಕೆಲಸದ ಭಾಗ.

ಆ ತಪಾಸಣೆ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಪ್ರಾಮಾಣಿಕತೆ ಎಂಬುದು ಅಲ್ಲಿ ಎಷ್ಟು ಸಣ್ಣ ಕೆಲಸ ಎಂಬುದು ಆಗಲೇ ತಿಳಿಯುತ್ತದೆ. ನಾಜಲ್ ತುದಿಯಿಂದ ಒಂದು ಹನಿ ಪೆಟ್ರೋಲನ್ನು ಫಿಲ್ಟರ್ ಕಾಗದದ ಮೇಲೆ ಬೀಳಿಸುತ್ತಾರೆ. ಎರಡು ನಿಮಿಷದಲ್ಲಿ ಅದು ಆರಿ ಕಾಗದ ಬೆಳ್ಳಗಿದ್ದರೆ ಸರಿ, ಕಲೆ ಉಳಿದರೆ ಅನುಮಾನ. ಆಮೇಲೆ ಉದ್ದನೆಯ ಗಾಜಿನ ಜಾಡಿಗೆ ಪೆಟ್ರೋಲೋ ಡೀಸೆಲ್ಲೋ ತುಂಬಿ ಹೈಡ್ರೋಮೀಟರ್ ಇಳಿಬಿಡುತ್ತಾರೆ. ಅದು ಎರಡು ಸಲ ಮೇಲೆ ಕೆಳಗೆ ಆಡಿ ಒಂದು ಗೆರೆಯಲ್ಲಿ ನಿಲ್ಲುತ್ತದೆ. ಜೊತೆಗೊಂದು ಥರ್ಮಾಮೀಟರ್. ಎರಡೂ ಅಂಕಿಗಳನ್ನು ಪಟ್ಟಿಯಲ್ಲಿ ನೋಡಿ 15 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದರೆ ಸಾಂದ್ರತೆ ಸಿಗುತ್ತದೆ. ಬಂಕಿನ ಹುಡುಗರ ಬಾಯಲ್ಲಿ ಅದು 'ಡೆನ್ಸಿಟಿ'. ಟ್ಯಾಂಕರ್ ಬಂದಾಗ ಬರೆದಿಟ್ಟ ಅಂಕಿಗೂ ಇದಕ್ಕೂ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ವ್ಯತ್ಯಾಸ ಬಂದರೆ ಏನೋ ಬೆರೆತಿದೆ. ಬೆರೆಯುವುದು ಬಹಳ ಸಲ ಸೀಮೆಎಣ್ಣೆ. ಮಂಜುನಾಥ್ ಇದ್ದ ಕಾಲದಲ್ಲಿ ಪಡಿತರದ ಸೀಮೆಎಣ್ಣೆ ಲೀಟರಿಗೆ 9 ರೂಪಾಯಿಯ ಆಸುಪಾಸು, ಡೀಸೆಲ್ 30ರ ಆಸುಪಾಸು. ಬಡವರ ಒಲೆಗೆಂದು ನೀಲಿ ಬಣ್ಣ ಹಾಕಿ ಕಳಿಸಿದ ಎಣ್ಣೆ ಲಾರಿಗಳ ಟ್ಯಾಂಕಿಗೆ ಹೋಗುತ್ತಿತ್ತು. ನಡುವಿನ 20 ರೂಪಾಯಿಯಲ್ಲಿ ಬಹಳ ಜನರ ಪಾಲಿತ್ತು.

ಇಷ್ಟೇ ಕೆಲಸ. ಗಾಜಿನ ಜಾಡಿಯ ಮುಂದೆ ಬಗ್ಗಿ, ಗೆರೆ ಎಲ್ಲಿದೆಯೋ ಆ ಅಂಕಿಯನ್ನು ಪುಸ್ತಕದಲ್ಲಿ ಬರೆಯುವುದು. ಬೇರೆ ಅಂಕಿ ಬರೆದಿದ್ದರೆ ಸಂಜೆ ಮನೆಗೆ ಹೋಗಬಹುದಿತ್ತು. ಮಂಜುನಾಥ್ ಕಂಡದ್ದನ್ನು ಬರೆದ, ಕಲಬೆರಕೆ ಮಾಡುತ್ತಿದ್ದ ಬಂಕುಗಳಿಗೆ ಬೀಗಮುದ್ರೆ ಹಾಕಿಸಿದ. ಅದರಲ್ಲೊಂದು ಮತ್ತೆ ತೆರೆದಾಗ ಮತ್ತೆ ತಪಾಸಣೆಗೆ ಹೋದ. 2005ರ ನವೆಂಬರ್ 19ರ ರಾತ್ರಿ ಗೋಲಾ ಗೋಕರ್ಣನಾಥ ಎಂಬ ಊರಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು. 27 ವರ್ಷ. ಮೂರು ದಿನದಿಂದ ಮಗನ ಸುದ್ದಿಯಿಲ್ಲವೆಂದು ಇತ್ತ ಕೆಜಿಎಫ್‌ನಲ್ಲಿ ತಂದೆ ಅದೇ ರಾತ್ರಿ ಮೊಬೈಲಿಗೆ ಒಂದು ಸಂದೇಶ ಕಳಿಸಿದ್ದರು, ಹೇಗಿದ್ದೀಯ ಎಂದು. ಅವನ ದೇಹ ಅವನದೇ ಕಾರಿನ ಹಿಂದಿನ ಸೀಟಿನಲ್ಲಿ ಸಿಕ್ಕಿತು.

ನಾನು ಇಲ್ಲಿ ಮಂಜುನಾಥನ ಧೈರ್ಯವನ್ನು ಹೊಗಳಲು ನಿಂತಿಲ್ಲ. ಹೊಗಳಿಕೆ ಅವನಿಗೂ ಬೇಡ, ಅವನ ತಾಯಿಗೂ ಬೇಡ. ನಾನು ಕೇಳುವುದು ಬೇರೆ. ಅದೇ ಜಿಲ್ಲೆಯಲ್ಲಿ ಎಷ್ಟು ಇಲಾಖೆಗಳಿರಲಿಲ್ಲ? ಆಹಾರ ಇಲಾಖೆ, ತೂಕ ಮತ್ತು ಅಳತೆ, ಪೊಲೀಸು, ಜಿಲ್ಲಾಡಳಿತ. ಆ ಸೀಮೆಎಣ್ಣೆ ಗೋದಾಮಿನಿಂದ ಬಂಕಿಗೆ ಬರುವ ದಾರಿಯಲ್ಲಿ ಎಷ್ಟು ಕಣ್ಣುಗಳಿದ್ದವು? ಎಲ್ಲ ಕಡೆಯೂ ನಿಜವಾದ ಅಂಕಿಯನ್ನೇ ಬರೆಯುತ್ತಿದ್ದರೆ, ಒಬ್ಬ ಅಧಿಕಾರಿಯನ್ನು ಕೊಂದು ಬಂಕಿನವನಿಗೆ ಏನು ಲಾಭ? ನಾಳೆ ಬರುವವನೂ ಅದನ್ನೇ ಬರೆಯುತ್ತಾನಲ್ಲ. ಈತ ಹೋದರೆ ಸಾಕು, ಉಳಿದವರು ನಮ್ಮವರೇ ಎಂಬ ಭರವಸೆ ಇದ್ದದ್ದರಿಂದಲೇ ಬಂದೂಕು ಮೇಲೆದ್ದಿತು. ಆ ಭರವಸೆಯನ್ನು ಕೊಟ್ಟವರು ಯಾರೂ ಬಂದೂಕು ಮುಟ್ಟಿದವರಲ್ಲ.

ದೊಡ್ಡಿ ಆಮೇಲೆ ಸೇರಿತು. ಐಐಎಂನಲ್ಲಿ ಓದಿದವರು ಅವನ ಹೆಸರಿನಲ್ಲಿ ಟ್ರಸ್ಟ್ ಕಟ್ಟಿ, ವಕೀಲರನ್ನು ಹಿಡಿದು ಮೊಕದ್ದಮೆಯ ಬೆನ್ನು ಹತ್ತಿದರು. 2007ರ ಮಾರ್ಚಿನಲ್ಲಿ ಲಖೀಂಪುರದ ಸೆಷನ್ಸ್ ನ್ಯಾಯಾಲಯ ಮಾಲೀಕನ ಮಗನಿಗೆ ಮರಣದಂಡನೆಯನ್ನೂ ಇತರರಿಗೆ ಜೀವಾವಧಿಯನ್ನೂ ವಿಧಿಸಿತು. ಹೈಕೋರ್ಟು 2009ರಲ್ಲಿ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು, ಸುಪ್ರೀಂ ಕೋರ್ಟು 2015ರಲ್ಲಿ ಅದನ್ನು ಎತ್ತಿಹಿಡಿಯಿತು. ಇಂಥ ಮೊಕದ್ದಮೆಗಳು ಸಾಮಾನ್ಯವಾಗಿ ಸಾಕ್ಷಿಗಳು ತಿರುಗಿಬಿದ್ದು ಸಾಯುತ್ತವೆ. ಇದು ಸಾಯಲಿಲ್ಲ, ಬೆನ್ನಿಗೆ ಜನ ಇದ್ದರು. ಅವರಲ್ಲಿ ಎಷ್ಟೋ ಮಂದಿಗೆ ಮಂಜುನಾಥನ ಮುಖಪರಿಚಯವೂ ಇರಲಿಲ್ಲವಂತೆ.

ಮಂಜುನಾಥನ ಕೊಲೆಗೂ ಎರಡು ವರ್ಷ ಹಿಂದೆ, 2003ರ ನವೆಂಬರ್ 27ರಂದು, ಗಯಾದಲ್ಲಿ ಸತ್ಯೇಂದ್ರ ದುಬೆ ಎಂಬ ಹೆದ್ದಾರಿ ಇಂಜಿನಿಯರ್ ಹೀಗೆಯೇ ಗುಂಡಿಗೆ ಬಲಿಯಾಗಿದ್ದರು. ಸುವರ್ಣ ಚತುಷ್ಪಥ ಹೆದ್ದಾರಿ ಕಾಮಗಾರಿಯ ಅಕ್ರಮಗಳನ್ನು ಕುರಿತು ಅವರು ಪ್ರಧಾನಿಗೆ ಪತ್ರ ಬರೆದಿದ್ದರು, ತನ್ನ ಹೆಸರನ್ನು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಡತದಿಂದ ಕಡತಕ್ಕೆ ಹೋಯಿತು. ಪ್ರತಿ ಮೇಜಿನ ಮೇಲೂ ಒಬ್ಬ ಗುಮಾಸ್ತ, ಒಬ್ಬ ಅಧಿಕಾರಿ. ಆ ಹೆಸರಿನ ಮೇಲೆ ಒಂದು ಚೀಟಿ ಅಂಟಿಸುವುದು ಅವರಲ್ಲಿ ಯಾರಿಗೂ ತೋಚಲಿಲ್ಲ. ದೂರು ಕೊಡುವವರನ್ನು ಕಾಪಾಡಲು 2004ರಲ್ಲಿ ಕೇಂದ್ರ ಒಂದು ನಿರ್ಣಯ ಹೊರಡಿಸಿತು. ಹತ್ತು ವರ್ಷದ ಮೇಲೆ ಕಾಯ್ದೆಯೂ ಆಯಿತು; ಜಾರಿಯ ಅಧಿಸೂಚನೆ ಮಾತ್ರ ಬರದೆ ವರ್ಷಗಟ್ಟಲೆ ಕಾಗದದಲ್ಲೇ ಉಳಿಯಿತು. ಕಾಯ್ದೆ ಬೇಕು, ಖಂಡಿತ ಬೇಕು. ಆದರೆ ಆ ಮೇಜುಗಳ ಮುಂದೆ ಕೂತವರ ಕೆಲಸವನ್ನು ಯಾವ ಕಾಯ್ದೆಯೂ ಮಾಡಿಕೊಡುವುದಿಲ್ಲ.

ಯಾರಾದರೂ ಕೇಳಬಹುದು: ಬೆಲೆಯನ್ನು ಹೀಗೆ ಹಂಚಿಕೊಂಡುಬಿಟ್ಟರೆ ಸತ್ಯಕ್ಕೆ ಏನು ಹೆಗ್ಗಳಿಕೆ? ಒಂಟಿಯಾಗಿ ನಿಂತಾಗಲೇ ಅಲ್ಲವೇ ಅದಕ್ಕೆ ತೂಕ? ನನ್ನ ಶಿಷ್ಯನೊಬ್ಬ ಇದನ್ನು ನನ್ನ ಮನೆಯಲ್ಲೇ ಕೇಳಿದ್ದ. ಆ ಹೆಗ್ಗಳಿಕೆ ನನಗೆ ಬೇಡ ಎಂದೆ. ಒಬ್ಬ ಹುಡುಗ ಅಂಕಿ ಸರಿಯಾಗಿ ಬರೆದು ರಾತ್ರಿ ಮನೆಗೆ ಹೋಗಿ ಅಪ್ಪನ ಸಂದೇಶಕ್ಕೆ ಉತ್ತರ ಕಳಿಸುವಂತಿರಬೇಕು. ಅದರ ಬಗ್ಗೆ ಯಾರೂ ಸಿನಿಮಾ ತೆಗೆಯದಿದ್ದರೆ ಬೇಡ.

ಈಗ ಕೊನೆಗೆ ಇಟ್ಟುಕೊಂಡ ಮಾತು.

ಎಂಬತ್ತರ ದಶಕದ ನಡುವಿನ ಒಂದು ಏಪ್ರಿಲ್. ನಾನು ಉಪನ್ಯಾಸಕನಾಗಿ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಒಂದು ಮೌಲ್ಯಮಾಪನ ಕೇಂದ್ರದಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆವು. ಊರಿನ ಹೆಸರು, ಸಂಸ್ಥೆಯ ಹೆಸರು ಬೇಡ. ದೊಡ್ಡ ಹಾಲ್, ತಗಡಿನ ಸೂರು, ಬಿಳಿ ದಾರದಲ್ಲಿ ಕಟ್ಟಿದ ಬಂಡಲುಗಳು. ನನ್ನ ಪಕ್ಕದ ಮೇಜಿನಲ್ಲಿ ನನಗಿಂತ ಹತ್ತು ವರ್ಷ ಹಿರಿಯರಾದ ಸಹೋದ್ಯೋಗಿ. ಮಧ್ಯಾಹ್ನ ಅವರು ಒಂದು ಪತ್ರಿಕೆಯನ್ನು ಎತ್ತಿಕೊಂಡು ನನ್ನನ್ನು ಕಿಟಕಿಯ ಬಳಿ ಕರೆದರು. ಮುಖಪುಟದಲ್ಲಿ ಒಟ್ಟು ಅಂಕ 38. 'ಮೂರನ್ನು ನೋಡಿ' ಎಂದರು. ಬೆಳಕಿಗೆ ಹಿಡಿದಾಗ ಕಂಡಿತು: ಅದು ಮೊದಲು 2 ಆಗಿತ್ತು. ಅಡಿಯ ಅಡ್ಡಗೆರೆಯನ್ನು ಬಗ್ಗಿಸಿ 3 ಮಾಡಿದ್ದರು. ಕೆಂಪು ಶಾಯಿಯೇ, ಆದರೆ ಬೇರೆ ಕೆಂಪು. ಒಳಗಿನ ಪುಟಗಳಲ್ಲಿ ಕೂಡಿದರೆ ಬರುತ್ತಿದ್ದದ್ದು 28. ಆ ಬಂಡಲಿನಲ್ಲಿ ಅಂಥವು ಐದಿದ್ದವು. ನಾನೇ ಎಣಿಸಿದೆ.

ಅವರು ಲಿಖಿತ ದೂರು ಕೊಟ್ಟರು. ಎರಡು ದಿನದ ಮೇಲೆ ನಮ್ಮಿಬ್ಬರನ್ನೂ ವಿಚಾರಣೆಗೆಂದು ಅಧಿಕಾರಿಯ ಕೋಣೆಗೆ ಕರೆದರು. ಹೋಗುವ ಮುಂಚೆ ವರಾಂಡದಲ್ಲಿ ಅವರು ನನಗೆ, 'ನೀವೇನೂ ದೂರು ಕೊಡಬೇಕಿಲ್ಲ. ನಾನೂ ನೋಡಿದೆ ಅಂತ ಹೇಳಿದರೆ ಸಾಕು' ಎಂದರು. ಆ ವರ್ಷ ನನ್ನ ಪ್ರೊಬೇಷನ್ ಮುಗಿಯಬೇಕಿತ್ತು. ಒಳಗೆ ಕೇಳಿದಾಗ ನಾನು, 'ಸರಿಯಾಗಿ ಗಮನಿಸಲಿಲ್ಲ ಸಾರ್' ಎಂದೆ. ಮೂರು ಪದ. ಸುಳ್ಳು ಎಂದೂ ಅನ್ನಿಸದಂಥ ಸುಳ್ಳು. ದೂರಿಗೆ ಆಧಾರವಿಲ್ಲ ಎಂದು ಬರೆದುಕೊಂಡರು.

ಆಗಸ್ಟಿನಲ್ಲಿ ಅವರಿಗೆ ವರ್ಗವಾಯಿತು, ರಾಜ್ಯದ ಇನ್ನೊಂದು ಮೂಲೆಗೆ. ಮಗಳು ಹತ್ತನೇ ತರಗತಿ. ಸಾಮಾನು ಹೊರಡುವ ದಿನ ನಾನು ಹೋಗಿದ್ದೆ, ಹೋಗದೆ ಇರಲಾಗಲಿಲ್ಲ. ಆ ಹುಡುಗಿ ಯೂನಿಫಾರ್ಮಿನಲ್ಲೇ ಇದ್ದಳು, ಬೆಳಿಗ್ಗೆ ಶಾಲೆಗೆ ಹೋಗಿ ಟಿ.ಸಿ. ತಂದಿದ್ದಳು. ಮೆಟ್ಟಿಲ ಮೇಲೆ ಹೊಲಿಗೆ ಯಂತ್ರ, ಹಾಸಿಗೆ ಸುರುಳಿ, ಪುಸ್ತಕದ ಟ್ರಂಕು. ಅವರು ಲಾರಿಯ ಮೇಲೆ ನಿಂತು ಹಗ್ಗ ಎಸೆದು, 'ಆ ತುದಿ ಸ್ವಲ್ಪ ಹಿಡೀರಿ' ಎಂದರು. ಹಿಡಿದೆ. ಅವರು ಎಳೆದರು, ನಾನು ಎಳೆದೆ, ಗಂಟು ಬಿಗಿಯಿತು. ಅಂದೂ, ಆಮೇಲೂ, ಆ ವಿಷಯವನ್ನು ಅವರು ಎತ್ತಲಿಲ್ಲ. ಅಕ್ಟೋಬರಿನಲ್ಲಿ ನನ್ನ ಪ್ರೊಬೇಷನ್ ಮುಗಿದ ಆದೇಶ ಬಂತು.

ಅವರು ಈಗಿಲ್ಲ. ಕೇಳಿದ ಅಧಿಕಾರಿಯೂ ಇಲ್ಲ. ಆ ಬಂಡಲುಗಳನ್ನು ಎಂದೋ ರದ್ದಿಗೆ ಹಾಕಿರುತ್ತಾರೆ. ಈ ಉಪನ್ಯಾಸ ಅಚ್ಚಾಗುತ್ತದೆ ಎಂದು ಸಂಘಟಕರು ಹೇಳಿದ್ದಾರೆ, ಆದ್ದರಿಂದ ನಲವತ್ತು ವರ್ಷ ತಡವಾಗಿ ನನ್ನ ಸಾಕ್ಷ್ಯವನ್ನು ಇಲ್ಲಿ ಕೊಡುತ್ತಿದ್ದೇನೆ. ಆ ಬಂಡಲಿನಲ್ಲಿ ಐದು ಪತ್ರಿಕೆಗಳ ಅಂಕ ತಿದ್ದಿದ್ದರು. ಎರಡನ್ನು ಮೂರು ಮಾಡಿದ್ದರು. ಕಿಟಕಿಯ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ನಾನೂ ನೋಡಿದೆ.